ತಗಡಿನ ಮನೆಗೆ ತಂಪು ಮೆತ್ತುವ ಕೆಂಚಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆದಿವಾಲದಿಂದ ಎರಡು ಮೈಲಿ ಆಚೆ, ಸರ್ಕಾರ ಹೊಸದಾಗಿ ಕಟ್ಟಿಸಿಕೊಟ್ಟ ಮನೆಗಳ ಸಾಲಿನಲ್ಲಿ ಕೆಂಚಕ್ಕ ಸೀರೆಯನ್ನು ಮೊಳಕಾಲಿಗೆ ಎತ್ತಿ ಕಟ್ಟಿ ಮಣ್ಣು ತುಳಿಯುತ್ತಿದ್ದಾರೆ. ಕೆಮ್ಮಣ್ಣಿಗೆ ರಾಗಿ ಹುಲ್ಲಿನ ಚೂರು ಬೆರೆಸಿ ನಿನ್ನೆ ಸಂಜೆಯೇ ನೆನೆಹಾಕಿದ್ದು. ಎದುರಿಗೆ ಕುರಿ ಸಾಕುವ ಬೋರಣ್ಣನ ಮನೆ. ಅದರ ಪಡುವಣ ಗೋಡೆಗೆ ಹೊರಗಿನಿಂದ ಇನ್ನೊಂದು ಮಣ್ಣಿನ ಗೋಡೆ ಏಳುತ್ತಿದೆ.

"ಕುಂತ್ಕಳ್ರಿ. ಬಿಸ್ಲು ಏರೋದ್ರೊಳಗೆ ಒಂದು ಸುತ್ತು ಗೋಡೆ ಆಗ್ಬೇಕು. ಮಾತು ಒಂದು ಕಡೆ ನಡೀಲಿ, ಕೆಲ್ಸ ಒಂದು ಕಡೆ" ಅನ್ನುತ್ತಾರೆ ಪತ್ರಿಕೆಗೆ ಬರೆಯಲು ಹೋದ ನನಗೆ, ಕಾಲು ನಿಲ್ಲಿಸದೆ.

ಐವತ್ತು ದಾಟಿದ ಕೆಂಚಕ್ಕ ಗೋಡೆ ಇಡುವವರ ಮನೆಗೆ ಸೊಸೆಯಾಗಿ ಬಂದವರು. ಗಂಡ ಮಾರಣ್ಣ ತೀರಿಕೊಂಡ ಮೇಲೆ ಅವನ ಕೆಲಸ ಇವರ ಕೈಗೆ ಬಂತು. ಹಿರಿಯೂರು ಸೀಮೆಯಲ್ಲಿ ಇವರು ಎಬ್ಬಿಸಿದ ಗೋಡೆಗಳು ಎಷ್ಟು ಎಂದರೆ ಅವರಿಗೇ ಲೆಕ್ಕ ಸಿಗುವುದಿಲ್ಲ. ದಿನಕ್ಕೆ ಅರವತ್ತು ಕೊಡ ನೀರು, ನೂರಕ್ಕೆ ಕಡಿಮೆಯಿಲ್ಲದಷ್ಟು ಮಂಕರಿ ಮಣ್ಣು. ಒಂದು ಸುತ್ತು, ಅಂದರೆ ಮಣ್ಣಿನ ಒಂದು ವರಸೆ, ಇಟ್ಟರೆ ಅದು ಒಣಗಲು ಮೂರು ದಿನ ಬಿಡಬೇಕು. ಹಿಮ್ಮಡಿಯ ಬಿರುಕುಗಳಲ್ಲಿ ಮಣ್ಣು ಕೂತು ಗಟ್ಟಿಯಾಗಿದೆ.

ನಾಲ್ಕು ವರ್ಷದ ಹಿಂದೆ ಅವರ ಹಟ್ಟಿಯ ಇಪ್ಪತ್ತು ಕುಟುಂಬಗಳಿಗೆ ಸರ್ಕಾರದ ಮನೆ ಮಂಜೂರಾಯಿತು. ಮೇಲೆ ಹೊಳೆಯುವ ತಗಡು, ಕೆಳಗೆ ಸಿಮೆಂಟು ನೆಲ. ಗೋಡೆ ಒಂದು ಇಟ್ಟಿಗೆಯಷ್ಟೇ ದಪ್ಪ, ಕಿಟಕಿ ಒಂದೇ, ಅದೂ ಪಡುವಣಕ್ಕೆ. ಹೊಗೆ ಹೋಗಲು ದಾರಿಯಿಲ್ಲ. ಮೊದಲು ಹೆಬ್ಬೆಟ್ಟು ಒತ್ತಿದವರು ಕೆಂಚಕ್ಕನೇ.

"ಮಣ್ಣಿನ ಮಾಳಿಗೆ ಮನೆ ಬಿಟ್ಟು ಕುಣ್ಕಂಡು ಬಂದೆ. ಗೋಡೆ ಇಡೋಳು ನಾನು, ಈ ತಗಡು ಹಿಂಗೆ ಕಾಯ್ತದೆ ಅಂತ ನನ್ಗೇ ಗೊತ್ತಾಗ್ಲಿಲ್ಲ ನೋಡ್ರಿ."

ಹೊಸ ಮನೆಯ ಮೊದಲ ಬೇಸಿಗೆ, 1976ರ ಏಪ್ರಿಲ್. ಮಗಳು ಮುದ್ದಕ್ಕ ಹೆರಿಗೆಗೆ ಬಂದಿದ್ದಳು. ಗಂಡು ಕೂಸು. ಅದಕ್ಕೆ ಹನ್ನೊಂದು ದಿನ ತುಂಬಿದಾಗ ಕೆಂಚಕ್ಕ ಆದಿವಾಲದ ಒಬ್ಬ ಜಮೀನುದಾರರ ಮನೆಗೆ ಎರಡಡಿ ದಪ್ಪದ ಗೋಡೆ ಇಡಲು ಹೋಗಿದ್ದರು. ಹಿಂದಿರುಗಿದಾಗ ಬಾಗಿಲಲ್ಲಿ ಜನ ನಿಂತಿದ್ದರು. ಬಾಣಂತಿಗೆ ಗಾಳಿ ತಾಕಬಾರದೆಂದು ಬಾಗಿಲು ಹಾಕಿಕೊಂಡಿದ್ದ ಮುದ್ದಕ್ಕನಿಗೆ ಮಧ್ಯಾಹ್ನ ಜೊಂಪು ಹತ್ತಿದೆ. ಎಚ್ಚರವಾದಾಗ ಕೂಸಿನ ಮೈ ಕೆಂಡ. ಗಾಡಿ ಹೂಡುವಷ್ಟರಲ್ಲಿ ಉಸಿರು ನಿಂತಿತ್ತು.

"ಮಗ್ಳು ನನ್ನ ಬೈಲಿಲ್ಲ. ಬೈದಿದ್ರೆ ಆಗಿತ್ತು. ಗಂಡನ ಮನೆಗೆ ಹೋದೋಳು ಇವತ್ತಿಗೂ ಈ ಹೊಸ್ಲು ತುಳ್ದಿಲ್ಲ" ಅಂದವರು ಮಣ್ಣಿನ ಉಂಡೆ ಎತ್ತಿ ಗೋಡೆಗೆ ಬಡಿಯುತ್ತಾರೆ.

ಕೂಸು ತೀರಿಕೊಂಡ ಮರುವಾರವೇ ಅವರು ಸ್ವಂತ ಮನೆಗೆ ಕೈ ಹಚ್ಚಿದರು. ತಗಡಿನ ಕೆಳಗೆ ಬಿದಿರು ದಬ್ಬೆ ಕಟ್ಟಿ, ಅದರ ಮೇಲೆ ತೆಂಗಿನ ಗರಿಯ ತಡಿಕೆ ಹಾಸಿ, ಸಗಣಿ ಕಲಸಿದ ಮಣ್ಣು ಮೆತ್ತಿದರು. ಪಡುವಣ ಕಿಟಕಿ ಮುಚ್ಚಿ, ಆ ಗೋಡೆಗೆ ಹೊರಗಿನಿಂದ ಇನ್ನೊಂದು ಮಣ್ಣಿನ ಗೋಡೆ ಇಟ್ಟು, ಬಡಗಣಕ್ಕೆ ಒಂದು ಕಿಟಕಿ ತೆಗೆದರು. ಹಗಲಲ್ಲಿ ಬುಡ್ಡಿ ಹಚ್ಚುವುದು ತಪ್ಪಿತು, ರೇಷನ್ನಿನ ಸೀಮೆಎಣ್ಣೆ ತಿಂಗಳ ಕೊನೆಯವರೆಗೆ ಬರತೊಡಗಿತು. ಒಲೆಗೆ ಹೊಗೆ ಕೊಳವೆ ಇಟ್ಟು ಬಾಯಿ ಕಿರಿದು ಮಾಡಿದ ಮೇಲೆ ಎರಡು ಹೊರೆ ಸೌದೆ ಬೇಕಾದಲ್ಲಿ ಒಂದು ಸಾಕಾಯಿತು.

ಅಷ್ಟರಲ್ಲಿ ಪಕ್ಕದಲ್ಲೇ ಇನ್ನೂ ಮೂವತ್ತು ಮನೆ ಬರುವ ಸುದ್ದಿ ಬಂತು. ಕೆಂಚಕ್ಕ ಹಿರಿಯೂರಿನ ಕಚೇರಿಗೆ ನಡೆದು ಹೋಗಿ, ಅವನ್ನಾದರೂ ಹೀಗೆ ಮಣ್ಣು ಮೆತ್ತಿ ಕಟ್ಟಿಸಿ ಎಂದು ಅರ್ಜಿ ಬರೆಸಿದರು. ಆರು ಸಲ ಹೋದ ಮೇಲೆ ಓವರ್‌ಸಿಯರ್ ಶಿವಕುಮಾರಪ್ಪ ಮನೆ ನೋಡಲು ಬಂದರು. ಮಟಮಟ ಮಧ್ಯಾಹ್ನ. ಕೆಂಚಕ್ಕ ಎರಡು ಮುತ್ತುಗದ ಎಲೆಯಲ್ಲಿ ಒಂದೊಂದು ಮುದ್ದೆ ಬೆಣ್ಣೆ ಇಟ್ಟು, ಒಂದನ್ನು ತಮ್ಮ ಮನೆಯಲ್ಲಿ, ಇನ್ನೊಂದನ್ನು ಪಕ್ಕದ ಈರಕ್ಕನ ಬರೀ ತಗಡಿನ ಮನೆಯಲ್ಲಿ ಇರಿಸಿದರು. ಅರ್ಧ ಗಂಟೆ ಬಿಟ್ಟು ನೋಡಿದರೆ ಈರಕ್ಕನ ಮನೆಯ ಬೆಣ್ಣೆ ಕರಗಿ ನೆಲಕ್ಕೆ ಹರಿದಿತ್ತು. ಇವರ ಮನೆಯದು ಮೆತ್ತಗಾಗಿದ್ದರೂ ಮುದ್ದೆಯಾಗಿಯೇ ಇತ್ತು.

"ಕಣ್ಣಿಗೆ ಕಾಣ್ತದಮ್ಮ. ಆದ್ರೆ ಬೆಣ್ಣೆ ತೋರ್ಸಿ ಎಸ್ಟಿಮೇಟ್ ಬದಲಾಯಿಸಕ್ಕೆ ಆಗಲ್ಲ" ಅಂದರಂತೆ ಶಿವಕುಮಾರಪ್ಪ. ಆದರೂ ಮೇಲಿನವರಿಗೆ ಬರೆದರು. ಎಂಟು ತಿಂಗಳಿಗೆ ಉತ್ತರ ಬಂತು: ಮಣ್ಣು ಬಳಸಿದರೆ ಅದು ಪಕ್ಕಾ ಮನೆ ಅನ್ನಿಸಿಕೊಳ್ಳುವುದಿಲ್ಲ. ಮೂವತ್ತು ಮನೆಗಳೂ ಹಳೆಯ ನಕ್ಷೆಯಂತೆಯೇ ಎದ್ದವು. ಹೋದ ಬೇಸಿಗೆಯಲ್ಲಿ ಅಲ್ಲಿ ಒಬ್ಬ ಮುದುಕ, ಒಂದು ವರ್ಷದ ಹೆಣ್ಣು ಮಗು ತೀರಿಕೊಂಡರು. ಸರ್ಕಾರದವರು ಜ್ವರ ಎಂದು ಬರೆದುಕೊಂಡರು.

ಅಲ್ಲಿಂದ ಕೆಂಚಕ್ಕ ಕಚೇರಿಗೆ ಹೋಗುವುದು ಬಿಟ್ಟು ಬಾಗಿಲಿಂದ ಬಾಗಿಲಿಗೆ ಹೋಗತೊಡಗಿದರು. ಎಲ್ಲರಿಗೂ ಭಯ. "ಸರ್ಕಾರದ ಮನೆಗೆ ಮಣ್ಣು ಮೆತ್ತಿದ್ರೆ ವಾಪಸ್ ಕಿತ್ಕಂತಾರೆ ಅಂದ್ಕಂಡಿದ್ವಿ" ಎನ್ನುತ್ತಾನೆ ಬೋರಣ್ಣ. "ಹೋದ್ ವರ್ಷ ಇದೇ ಬಾಗ್ಲಾಗಿಂದ ಕೆಂಚಕ್ಕುನ್ನ ಅಟ್ಟಿದ್ದೆ. ಈಗ ಮನೆಯೋಳಿಗೆ ಏಳು ತಿಂಗ್ಳು. ನಾನೇ ಹೋಗಿ ಕರ್ಕಂಡು ಬಂದೆ."

ಇಲ್ಲಿಯವರೆಗೆ ಮೂವತ್ತರಲ್ಲಿ ಹನ್ನೊಂದು ಮನೆ ಮುಗಿದಿವೆ. ಕೂಲಿ ಅಂತ ಕೇಳುವುದಿಲ್ಲ. ಮುದ್ದೆ ಕೊಟ್ಟವರ ಮನೆಯಲ್ಲಿ ಉಣ್ಣುತ್ತಾರೆ. ಮಂಡಿ ನೋವು ಹೆಚ್ಚಾಗಿದೆ. ಉಳಿದ ಹತ್ತೊಂಬತ್ತು ಮನೆಗೆ ಎರಡು ವರ್ಷವಾದರೂ ಬೇಕು. ಚಿಕ್ಕಜಾಜೂರಿನ ಕಡೆಯೂ ಇಂಥದೇ ಸಾಲು ಎದ್ದಿದೆ ಎಂದು ಯಾರೋ ಹೇಳಿದ್ದಾರೆ.

"ಅಷ್ಟು ದೂರ ನನ್ ಕೈಲಿ ಆಗಲ್ಲ. ಒಂದು ಕಾನೂನು ಮಾಡ್ಲಿ. ಬೀಗದ ಕೈ ಕೊಡೋಕ್ ಮುಂಚೆ ಎಂಜಿನೀರು ಬ್ಯಾಸಿಗೆ ಮಧ್ಯಾನ್ನ ಒಂದು ಗಂಟೆ ಬಾಗ್ಲು ಹಾಕ್ಕಂಡು ಆ ಮನೇಲಿ ಕುಂತಿರ್ಲಿ. ಕುಂತು ಎದ್ದು ಬಂದ್ರೆ ಆ ಮನೆ ಕೊಡ್ಲಿ."

ಬಿಸಿಲು ಏರಿದೆ. ಸುತ್ತು ಮುಗಿದಿದೆ. ಕೆಂಚಕ್ಕ ಹಸಿ ಗೋಡೆಗೆ ಒದ್ದೆ ಗೋಣಿ ಹೊದಿಸಿ ಕೈ ತೊಳೆಯುತ್ತಾರೆ. ಪತ್ರಿಕೆಗೆ ಒಂದು ಪಟ ತೆಗೆಯಲೇ ಎಂದರೆ ಬೇಡವೆಂದು ತಲೆಯಾಡಿಸುತ್ತಾರೆ.

"ನನ್ ಮುಖ ಯಾತಕ್ರಿ? ಗೋಡೆ ದಪ್ಪ ಬರೀರಿ. ಕಮ್ಮಿ ಅಂದ್ರೂ ಒಂದು ಮೊಳ. ಓದೋರಲ್ಲಿ ಯಾರಾದ್ರೂ ಮನೆ ಕಟ್ಟಿಸ್ತಿರ್ತಾರೆ."