ಬೇಕು ಅಂದ ಹುಡುಗಿ

ಜರ್ಮನಿಗೆ ಓದಲು ಹೋದ ಮೊದಲ ಶನಿವಾರ ನನ್ನ ತಂಗಿಯ ಮಗಳು ಸಹನಾ ಹಸಿದುಕೊಂಡೇ ಊಟದ ಮೇಜಿನಿಂದ ಎದ್ದಳು. ಊಟ ಇರಲಿಲ್ಲವೆಂದಲ್ಲ. ಮೇಜಿನ ತುಂಬ ಊಟವೇ ಇತ್ತು!

ಅವಳ ಹಾಸ್ಟೆಲಿನಲ್ಲಿ ಒಂದು ಪದ್ಧತಿ. ಶನಿವಾರ ಬಂತೆಂದರೆ ಸರದಿಯ ಮೇಲೆ ನಾಲ್ಕೈದು ಜನ ತಮ್ಮ ದೇಶದ ಅಡುಗೆ ಮಾಡಿ, ಎಲ್ಲರೂ ಹಂಚಿಕೊಂಡು ತಿನ್ನುವುದು. ಅವತ್ತು ಜಾರ್ಜಿಯಾದ ಹುಡುಗಿಯೊಬ್ಬಳ ಚೀಸ್ ತುಂಬಿದ ರೊಟ್ಟಿ ಆಗಷ್ಟೇ ಓವನ್ನಿನಿಂದ ಇಳಿದಿತ್ತಂತೆ. ಪಕ್ಕದ ರೂಮಿನ ಲೇನಾ ತಟ್ಟೆ ಹಿಡಿದು, ಬೇಕಾ ಎಂದಳು. ಭದ್ರಾವತಿಯಲ್ಲಿ ಬೆಳೆದ ಹುಡುಗಿ ಏನು ಹೇಳಬೇಕೋ ನಮ್ಮವಳು ಅದನ್ನೇ ಹೇಳಿದಳು. ಅಯ್ಯೋ, ಬೇಡ ಬೇಡ.

ಲೇನಾ 'ಓಕೆ' ಎಂದು ತಟ್ಟೆಯನ್ನು ಮುಂದಿನವರತ್ತ ಚಾಚಿದಳು.

ಓಕೆಯಂತೆ! ನಮ್ಮಲ್ಲಿ ಮೊದಲ ಸಲ ಬೇಡ ಎನ್ನುವುದು ಬರೀ ಮರ್ಯಾದೆಗೆ. ಎಲೆಗೆ ಕೈ ಅಡ್ಡ ಹಿಡಿದರೂ ಬೆರಳ ಸಂದಿನಿಂದ ಪಾಯಸ ಸುರಿಯದಿದ್ದರೆ ಅದೂ ಒಂದು ಉಪಚಾರವೇ? (ಕುಂಸಿಯ ಒಂದು ಮದುವೆಯಲ್ಲಿ ನನ್ನ ರೇಷ್ಮೆ ಸೀರೆಗೂ ಬಡಿಸಿದ್ದಾರೆ.)

"ದೊಡ್ಡಮ್ಮ, ಯಾರೂ ಒತ್ತಾಯಾನೇ ಮಾಡ್ಲಿಲ್ಲ!" ಫೋನಿನಲ್ಲಿ ಹುಡುಗಿ ಅಳುವುದೊಂದು ಬಾಕಿ. ರೂಮಿಗೆ ಬಂದು ಬ್ರೆಡ್ಡಿಗೆ ಚಟ್ನಿಪುಡಿ ಹಾಕಿಕೊಂಡು ತಿಂದಿದ್ದಳು.

"ಅತ್ರೇನೇ ಅಮ್ಮ ಹಾಲು ಕೊಡೋದು ಮಾರಾಯ್ತಿ. ಬಾಯಿಬಿಟ್ಟು ಕೇಳು" ಎಂದೆ.

ಕೇಳಿದಳು. ಮೊದಲ ಸಲ ಬೇಕು ಎನ್ನುವಾಗ ಯಾರದೋ ಜೇಬಿಗೆ ಕೈ ಹಾಕಿದಷ್ಟು ನಾಚಿಕೆಯಾಯಿತಂತೆ. ಆಮೇಲೆ ನೋಡಬೇಕಿತ್ತು! ವಿಯೆಟ್ನಾಮಿನ ಅಕ್ಕಿಹಾಳೆಯ ಸುರುಳಿ, ಕಡಲೆ ರುಬ್ಬಿ ಮಾಡಿದ ಸಿರಿಯಾದ ಹಮ್ಮಸ್, ಜೋಳದ ಸಿಪ್ಪೆಯಲ್ಲಿ ಕಟ್ಟಿ ಬೇಯಿಸಿದ ಮೆಕ್ಸಿಕೋದ ಟಮಾಲೆ. "ನಮ್ಮ ಕೊಟ್ಟೆ ಕಡುಬಿನ ಥರಾನೇ ಬಿಚ್ಚಿ ತಿನ್ನೋದು, ಆದ್ರೆ ರುಚಿ ಬೇರೇನೇ." ಒಂದೊಂದಕ್ಕೂ ಫೋಟೊ. ನಾನಿಲ್ಲಿ ರವೀಂದ್ರನಗರದ ನನ್ನ ಮನೆಯಲ್ಲಿ ನಿನ್ನೆಯ ಸಾರು ಬಿಸಿ ಮಾಡುತ್ತಾ ಅವನ್ನು ನೋಡಬೇಕು!

ತನ್ನ ಸರದಿ ಬಂದಾಗ ಮಾತ್ರ ಅವಳು ಊರಿನ ಕ್ರಮ ಬಿಡಲಿಲ್ಲ. ಸಾಕು ಸಾಕು ಎಂದ ಸಿರಿಯಾದ ಹುಡುಗನ ತಟ್ಟೆಗೆ ಅಕ್ಕಿರೊಟ್ಟಿ ಹಾಕುತ್ತಲೇ ಹೋದಳು. ಪಾಪ, ಅವನು ನಿಜವಾಗಿಯೂ ಸಾಕು ಎಂದಿದ್ದ.

ಇದೆಲ್ಲ ನೆನಪಾದದ್ದು ಕಳೆದ ಭಾನುವಾರ, ಭದ್ರಾವತಿಯ ತಂಗಿಯ ಮನೆಯಲ್ಲಿ.

ಸಹನಾಳ ಲೋಹಶಾಸ್ತ್ರದ ಕೋರ್ಸ್ ಮುಗಿದಿದೆ. ರಜೆಗೆ ಬಂದಿದ್ದಾಳೆ. ಅಲ್ಲಿನ ಪ್ರೊಫೆಸರ್ ಪಿಎಚ್‌.ಡಿ.ಗೆ ಕರೆದಿದ್ದಾರೆ. ಅವಳಪ್ಪ ನಾಗರಾಜನಿಗೆ ಬಸ್‌ಸ್ಟ್ಯಾಂಡ್ ಹತ್ತಿರ ಸ್ಪೇರ್ ಪಾರ್ಟ್ಸ್ ಅಂಗಡಿ. "ಓದಿದ್ದು ಸಾಕು, ಇನ್ನು ಇಲ್ಲೇ ಎಲ್ಲಾದ್ರೂ ಕೆಲ್ಸಕ್ಕೆ ಸೇರ್ಲಿ" ಎಂದು ಆಗಲೇ ಊರಿಗೆಲ್ಲ ಹೇಳಿಬಿಟ್ಟಿದ್ದ. ಆದರೂ ಊಟದ ನಡುವೆ ಶಾಸ್ತ್ರಕ್ಕೊಂದು ಮಾತು ಕೇಳಿದ.

"ನಿಂಗೇನು ಬೇಕಮ್ಮ, ಹೇಳು."

ಈ ಪ್ರಶ್ನೆಗೆ ನಮ್ಮ ಮನೆಗಳಲ್ಲಿ ಒಂದೇ ಉತ್ತರ. ನೀವು ಹೇಳಿದ ಹಾಗೆ ಅಪ್ಪ. ನಾನೂ ಅದನ್ನೇ ಹೇಳಿದವಳು, ನನ್ನ ತಂಗಿ ಸುಧಾಳೂ ಅದನ್ನೇ ಹೇಳಿದವಳು.

"ನಂಗೆ ಪಿಎಚ್‌.ಡಿ. ಬೇಕಪ್ಪ" ಎಂದಳು ಸಹನಾ.

ಎಲ್ಲರ ಕೈಯೂ ತಟ್ಟೆಯಲ್ಲೇ ನಿಂತಿತು.

"ಹಠಾನಾ?" ಎಂದ ನಾಗರಾಜ.

"ಹಠ ಅಲ್ಲಪ್ಪ. ಕೇಳಿದ್ರಲ್ಲ, ಹೇಳ್ದೆ."

ಅವನು ಮಗಳನ್ನೇ ನೋಡಿದ. ಬೈಯುವುದಕ್ಕೆ ಅಲ್ಲಿ ತಪ್ಪೇನೂ ಸಿಗಲಿಲ್ಲವೋ ಏನೋ. ಎರಡು ತುತ್ತು ತಿಂದು, "ವಾಪಸ್ ಟಿಕೆಟ್ ಯಾವಾಗ ಮಾಡಿಸ್ಬೇಕು?" ಎಂದ. ನನಗೆ ಕಣ್ಣು ತುಂಬಿ ಬಂತು. ಖುಷಿಗೆ, ಸ್ವಲ್ಪ ಹೊಟ್ಟೆಕಿಚ್ಚಿಗೂ.

ಸುಧಾ ಸೌಟು ಹಿಡಿದು ನಿಂತೇ ಇದ್ದಳು. ಅವಳದಿನ್ನೂ ಊಟವಾಗಿರಲಿಲ್ಲ. ನಾನು ತಡೆಯಲಾರದೆ ಕೇಳಿಬಿಟ್ಟೆ.

"ನಿಂಗೇನು ಬೇಕೇ ಸುಧಾ?"

"ನಂಗೇನ್ ಬೇಡ..." ಎಂದು ಶುರು ಮಾಡಿದವಳು ನಿಲ್ಲಿಸಿದಳು. ಮಗಳ ಮುಖ ನೋಡಿದಳು. "ನಂಗೊಂದು ಪಾಸ್‌ಪೋರ್ಟ್ ಮಾಡಿಸ್ಕೊಡಿ. ಒಂದ್ಸಲ ಹೋಗಿ ಇವಳ ಪಕ್ಕ ಕೂತ್ಕೊಂಡು, ಬೇರೆಯೋರು ಬಡಿಸಿದ್ದು ಬಿಸಿಬಿಸಿ ತಿನ್ಬೇಕು."

ಬಡಿಸುವವಳನ್ನು 'ನಿನಗೇನು ಬೇಕು' ಎಂದು ನಿಮ್ಮ ಮನೆಯಲ್ಲಿ ಯಾರಾದರೂ ಕೇಳಿದ್ದು ಯಾವಾಗ?