ಲವಿಟಾ ಟೀಚರ್ ಮತ್ತು ಉಪ್ಪಿನಕಾಯಿ ಬಾಟಲಿ

ಕುವೈತಿನಲ್ಲಿ ಸಂಡೇ ಸ್ಕೂಲ್ ನಡೆಯುವುದು ಶುಕ್ರವಾರ; ರಜೆ ಇರುವುದು ಅಂದೇ. ಕಿನ್ನಿಗೋಳಿಯ ಲವಿಟಾ ಹದಿನಾರು ವರ್ಷಗಳಿಂದ ಆರು ದಿನ ಕ್ಲಿನಿಕ್ಕಿನಲ್ಲಿ ಜನರ ರಕ್ತ ತೆಗೆಯುತ್ತಾಳೆ, ಏಳನೆಯ ದಿನ ಮಕ್ಕಳಿಗೆ ಸಂತರ ಕತೆ ಹೇಳುತ್ತಾಳೆ. ಎರಡರಲ್ಲೂ ಕೈ ಪಳಗಿದೆ, ಯಾರೂ ಅಳುವುದಿಲ್ಲ.

ತೊಡಕೆಲ್ಲ ಅವಳಿರುವ ಮಂಗಫ್ ಬಡಾವಣೆಯ ಫ್ಲಾಟಿನಲ್ಲಿ. ಅಲ್ಲಿ ಎರಡು ಸಂಸಾರಕ್ಕೆ ಒಂದೇ ಅಡುಗೆಮನೆ. ಇನ್ನೊಂದು ಸಂಸಾರದ ಐವಿ ಫ್ರಿಜ್ ತೊಳೆಯುವ ಹುಮ್ಮಸ್ಸಿನಲ್ಲಿ, ಬೂಷ್ಟು ಹಿಡಿದಿದೆ ಎಂದು ಒಂದು ಉಪ್ಪಿನಕಾಯಿ ಬಾಟಲಿ ಎಸೆದುಬಿಟ್ಟಳು. ಅದು ಲವಿಟಾಳ ಅಮ್ಮ ತೀರಿಕೊಳ್ಳುವ ಮುಂಚೆ ಹಾಕಿಕೊಟ್ಟದ್ದು. ಲವಿಟಾ ಅದನ್ನು ತಿನ್ನುತ್ತಿರಲಿಲ್ಲ. ಆಗೊಮ್ಮೆ ಈಗೊಮ್ಮೆ ಮುಚ್ಚಳ ತೆಗೆದು ಮೂಸಿ ಇಡುತ್ತಿದ್ದಳು, ಅಷ್ಟೇ. "ನನ್ನ ಸಾಮಾನು ಮುಟ್ಲಿಕ್ಕೆ ನೀನು ಯಾರು?" ಎಂದು ಅಂದು ಕಿರುಚಿದವಳು ಆಮೇಲೆ ಎಂಟು ತಿಂಗಳು ತುಟಿಪಿಟಕ್ಕೆನ್ನಲಿಲ್ಲ. ಐವಿ ಸಾರಿ ಹೇಳಿ ಹೇಳಿ ಸೋತಳು.

ಆ ಶುಕ್ರವಾರದ ಪಾಠ ಸಾವಿರ ವರ್ಷದ ಹಿಂದಿನ ಸಂತ ಜಾನ್ ಗುವಾಲ್ಬರ್ಟನದು. ಜಾನ್‌ನ ಅಣ್ಣನನ್ನು ಕೊಂದವನು ಇಕ್ಕಟ್ಟಿನ ಓಣಿಯಲ್ಲಿ ಅವನ ಕೈಗೆ ಸಿಕ್ಕಿಬಿದ್ದ. ಜಾನ್ ಕತ್ತಿ ಹಿರಿದ. ಅಂದು ಯೇಸು ಶಿಲುಬೆಗೇರಿದ ಶುಭ ಶುಕ್ರವಾರ. ಕೊಲೆಗಾರ ಶಿಲುಬೆಯಂತೆ ಎರಡೂ ತೋಳು ಚಾಚಿದ. ಜಾನ್ ಕತ್ತಿ ಕೆಳಗಿಟ್ಟು ಅವನನ್ನು ತಬ್ಬಿಕೊಂಡ. ಮುಂದೆ ಸನ್ಯಾಸಿಯಾಗಿ ಕಾಡಿನ ನಡುವೆ ಹೊಸ ಮಠವನ್ನೇ ಕಟ್ಟಿದ.

ಮುಂದಿನ ಬೆಂಚಿನಲ್ಲಿದ್ದ ಐವಿಯ ಮಗಳು ರೆನಿಟಾ ಕೈ ಎತ್ತಿದಳು. "ಮಿಸ್, ಮರ್ಡರ್ ಫರ್ಗಿವ್ ಮಾಡಿದ್ರಾ? ದೆನ್ ವೈ ನಾಟ್ ಪಿಕಲ್?"

ಲವಿಟಾ ಬೋರ್ಡಿನ ಕಡೆ ತಿರುಗಿ, ಬರೆದದ್ದನ್ನೇ ಮತ್ತೊಮ್ಮೆ ಬರೆದಳು.

ಮನೆಗೆ ಬಂದರೆ ಪ್ಯಾಸೇಜಿನಲ್ಲಿ ಐವಿ. ಒಗೆದು ಒಣಗಿಸಿದ ಡಬಲ್ ಬೆಡ್‌ಶೀಟ್ ಮಡಚಲು ಎರಡೂ ಕೈ ಉದ್ದಕ್ಕೆ ಚಾಚಿ ಒಬ್ಬಳೇ ಒದ್ದಾಡುತ್ತಿದ್ದಳು. ದಾರಿ ಪೂರ್ತಿ ಬಂದ್. ಲವಿಟಾಳಿಗೆ ನಗುವೂ ಬಂತು, ಸಿಟ್ಟೂ ಬಂತು. ಈ ಸಂತರಿಗೆ ಬೇರೆ ಕೆಲಸವಿಲ್ಲ! ಬ್ಯಾಗ್ ಕೆಳಗಿಟ್ಟು ಇನ್ನೆರಡು ಮೂಲೆ ಹಿಡಿದಳು. ಮಡಚಿದಂತೆಲ್ಲ ಇಬ್ಬರೂ ಒಂದೊಂದು ಹೆಜ್ಜೆ ಹತ್ತಿರ ಬಂದರು.

"ಅದು ಅಮ್ಮ ಹಾಕಿದ ಕೊನೇ ಬಾಟ್ಲಿ ಮಾರಾಯ್ತಿ," ಎಂದಳು ಲವಿಟಾ.

ಐವಿಯ ಕೈ ನಿಂತಿತು. "ದೇವರೇ! ಎಂಟು ತಿಂಗಳಲ್ಲಿ ಆ ಒಂದು ಮಾತು ಹೇಳ್ಲಿಕ್ಕೆ ಆಗ್ಲಿಲ್ವಾ ನಿಂಗೆ?"

ಆಗಿರಲಿಲ್ಲ. ಬಾಯಿ ಬಿಟ್ಟು ಹೇಳಿದರೆ ಅಮ್ಮ ನಿಜವಾಗಿಯೂ ಹೋದಂತೆ ಎಂದು ಹೆದರಿದ್ದಳು. ಈಗ ಇಬ್ಬರೂ ಆ ಬೆಡ್‌ಶೀಟಿನಲ್ಲೇ ಮೂಗು ಒರೆಸಿಕೊಳ್ಳುತ್ತ ಮನಸಾರೆ ಅತ್ತರು. ಅದನ್ನು ಮತ್ತೆ ಒಗೆಯಬೇಕಾಯಿತು.