ಸದ್ದಿಲ್ಲದ ಕಾರಿನಲ್ಲಿ ಸಾಹೇಬರು

ಕೇರಳದ ತ್ರಿಪ್ಪುಣಿತ್ತುರದಲ್ಲಿ ನಾನು ಓದುವ ನೆಪದಲ್ಲಿ ಬಾಡಿಗೆಗಿದ್ದಾಗ, ಪಕ್ಕದ ಮನೆಯಲ್ಲಿ ಹುಬ್ಬಳ್ಳಿ ಕಡೆಯ ಬ್ಯಾಂಕ್ ಮ್ಯಾನೇಜರೊಬ್ಬರಿದ್ದರು. ಭಾನುವಾರ ತಮ್ಮ ಕೆಂಪು ಸ್ಪೋರ್ಟ್ಸ್ ಕಾರಿನ ಬಾನೆಟ್ ಎತ್ತಿ, ಕಣ್ಣು ಮುಚ್ಚಿ, ಸಂಗೀತ ಕಛೇರಿಗೆ ಬಂದವರಂತೆ ಎಂಜಿನ್ನಿನ ಸದ್ದಿಗೆ ತಲೆದೂಗುತ್ತಿದ್ದರು.

"ಕರೆಂಟ್ ಕಾರು ಇದಕ್ಕಿಂತ ಬೇಗ ಓಡ್ತದೆ ಸರ್," ಎಂದು ನಾನು ಕೆಣಕುತ್ತಿದ್ದೆ.

"ಓಡ್ತೈತಿ ತಮ್ಮಾ. ಲಿಫ್ಟೂ ಮ್ಯಾಲ ಹೋಗ್ತೈತಿ. ಅದಕ್ಕ ಯಾರರ ಚಪ್ಪಾಳಿ ಹೊಡೀತಾರೇನು? ಜೀವ ಬೇಕಲೇ, ಜೀವ!"

ಆಮೇಲೆ ಅವರ ಎಡ ಮೊಣಕಾಲಿಗೆ ಆಪರೇಷನ್ ಆಯಿತು. ಇನ್ನು ಕ್ಲಚ್ ತುಳಿಯುವ ಹಾಗಿಲ್ಲ ಎಂದರು ಎರ್ನಾಕುಲಂನ ಡಾಕ್ಟರು. ಕಾರು ಓಡಿಸುವುದನ್ನೇ ಬಿಡುತ್ತೇನೆಂದು ಸಾಹೇಬರು ಹಟ ಹಿಡಿದರು. ಹೆಂಡತಿ ಬೈದು, ಕ್ಲಚ್ಚೇ ಇಲ್ಲದ ಎಲೆಕ್ಟ್ರಿಕ್ ಸ್ಪೋರ್ಟ್ಸ್ ಕಾರು ನೋಡಲು ಹೊರಡಿಸಿದರು. ಗೆದ್ದವನ ಗತ್ತಿನಲ್ಲಿ ನಾನೂ ಹೋದೆ. ಟೆಸ್ಟ್ ಡ್ರೈವಿಗೆ ಸಾಹೇಬರು ಸ್ಟೀರಿಂಗ್ ಹಿಡಿದರು, ಶೋರೂಮಿನ ಮಲಯಾಳಿ ಅಣ್ಣ, ಅಲ್ಲಿಯವರ ಬಾಯಲ್ಲಿ ಚೇಟ್ಟನ್, ಅವರ ಪಕ್ಕ ಕುಳಿತ, ನಾನು ಹಿಂದಿನ ಸೀಟಿನಲ್ಲಿ ಕುಳಿತೆ.

ಕಾರು ಬಾಣದಂತೆ ಹೊರಟಿತು. ಸಾಹೇಬರ ಎಡಗೈ ಇಲ್ಲದ ಗೇರನ್ನು ತಡಕಾಡಿ, ಸಿಗದೆ, ತೊಡೆಯ ಮೇಲೆ ಸುಮ್ಮನೆ ಬಿದ್ದುಕೊಂಡಿತು. ನನ್ನ ಗೆದ್ದ ಗತ್ತು ಇಳಿದುಹೋಯಿತು. ಊರವರನ್ನೆಲ್ಲ ಅಣಕಿಸಿ ಬೈಸಿಕೊಂಡ ಬಾಯಿ ನನ್ನದು. ಬೇರೇನೂ ತೋಚದೆ ಅವರ ಕೆಂಪು ಕಾರಿನ ಎಂಜಿನ್ನನ್ನೇ ಅಣಕಿಸತೊಡಗಿದೆ. ಮೊದಲು ಗುರುಗುಟ್ಟಿದೆ, ಮತ್ತೆ ಮೊರೆದೆ.

"ಅಯ್ಯೋ, ಎಂತಾ ಅದ್?" ಎಂದು ಶೋರೂಮಿನ ಚೇಟ್ಟನ್ ಬೆಚ್ಚಿಬಿದ್ದ.

ಸಾಹೇಬರು ನಗಲಿಲ್ಲ. ಶೋರೂಮಿಗೆ ಮರಳುವ ತಿರುವು ಬಂದರೂ ತಿರುಗಿಸದೆ ಮುಂದಕ್ಕೇ ಓಡಿಸಿದರು. ಆಮೇಲೆ ಕನ್ನಡಿಯಲ್ಲಿ ನನ್ನನ್ನು ನೋಡಿದರು.

"ಎಷ್ಟೊತ್ತಲೇ ಎರಡನೇ ಗೇರಿನ್ಯಾಗ ಒದರಸ್ತಿ ಅದನ್ನ, ಪಾಪ? ಮೂರನೇದಕ್ಕ ಹಾಕು."